ಚೀಟಿ ಕಟ್ಟಿದ ಮರ

ಚರ್ಚಿನ ನೆಲಮಾಳಿಗೆ, ತಿಂಗಳ ಎರಡನೇ ಮಂಗಳವಾರ.
ವಯೋಮಿಂಗಿನ ಗಾಳಿಗೆ ಬಾಗಿಲು ತಾನೇ ಬಡಿದುಕೊಳ್ಳುತ್ತಿತ್ತು.
ನಾವು ಹನ್ನೊಂದು ಜನ; ನಡಾವಳಿ ಬರೆಯುವವಳು ನಾನು.
ಆ ಸಂಜೆಯ ವಿಷಯ ಬರೆದುಕೊಂಡೆ:
ಅಮೆರಿಕದ್ದೇ ಅನ್ನಿಸುವ ಬೋನ್ಸಾಯ್ ಯಾವುದು?
ಅದರ ಕೆಳಗೊಂದು ಗೆರೆ ಎಳೆದು ಕೂತೆ.

ಡೆಲ್ಮರ್ ಪ್ರೂಯಿಟ್ ಪಿಕಪ್ಪಿನಿಂದ ತನ್ನ ಜುನಿಪರ್ ಇಳಿಸಿದ,
ಇಬ್ಬರು ಹೆಗಲು ಕೊಡಬೇಕಾಯಿತು.
ನಲವತ್ತು ವರ್ಷ ರೈಲುಹಳಿ ದುರಸ್ತಿ ಮಾಡಿದ ಕೈ.
ಅದೇ ಹಾರೆಯಿಂದ ಬಂಡೆಯ ಬಿರುಕಲ್ಲಿ ಇದನ್ನು ಎಬ್ಬಿಸಿದ್ದು,
ಮೂರು ಬೇಸಿಗೆ ಹಿಡಿಯಿತಂತೆ,
ಒಂದೊಂದು ಬೇಸಿಗೆಗೆ ಒಂದೊಂದು ಬೇರು.
ಒಂದು ಬದಿ ಎಲುಬಿನ ಹಾಗೆ ಬೆಳ್ಳಗೆ ಸತ್ತಿದೆ.
ಇನ್ನೊಂದು ಬದಿ ಎರಡು ಬೆರಳಗಲ ತೊಗಟೆ;
ಜೀವವೆಲ್ಲ ಆ ಓಣಿಯಲ್ಲೇ ಹತ್ತಬೇಕು, ಇಳಿಯಬೇಕು.

"ನೋಡಿ, ಇದಕ್ಕೆ ನಯ ವಿನಯ ಗೊತ್ತಿಲ್ಲ," ಅಂದ.
"ಇದೇ ನಮ್ಮ ಶೈಲಿ."

ಒಬ್ಬರು ಗಾತ್ರ ಅಂದರು. ಒಬ್ಬರು ಕುಂಡ ಅಂದರು.
ಮೋನಾ ಕ್ವಾಲ್ಸ್ ತುಕ್ಕು ಹಿಡಿದ ಟ್ರ್ಯಾಕ್ಟರ್ ಸೀಟಿನಲ್ಲಿ
ಪಾಂಡೆರೋಸಾ ಪೈನ್ ಕೂರಿಸಿ ತಂದಿದ್ದಳು,
ಸೀಟಿನ ತೂತುಗಳು ನೀರು ಬಸಿಯಲು
ಹೇಳಿ ಮಾಡಿಸಿದ ಹಾಗಿದ್ದವು.
"ನಿಯಮ ಮುರಿಯೋದು!" ಅಂದ ಶಾಲೆಯ ಮೇಷ್ಟ್ರು ಲೈಲ್.
"ಯಾವ ನಿಯಮ?" ಯಾರೋ ಕೇಳಿದರು.
ಆ ಕ್ಷಣಕ್ಕೆ ಅವನಿಗೆ ಒಂದೂ ನೆನಪಾಗಲಿಲ್ಲ.
ಅದನ್ನೂ ಬರೆದುಕೊಂಡೆ.

ಕೊನೆಯ ಕುರ್ಚಿಯಿಂದ ತೆರುಕೊ ಇಮಾಡ ಎದ್ದು ಬಂದರು.
ಎಂಬತ್ತು ದಾಟಿದವರು, ಹೆಚ್ಚು ಮಾತಿಲ್ಲ.
ಮರವನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿದರು.
"ಇದಕ್ಕೆಷ್ಟು ವಯಸ್ಸು?"
"ಆರುನೂರಾದರೂ ಇರಬೇಕು."
"ದೇಶಕ್ಕೆ?"
ಡೆಲ್ಮರ್ ಲೆಕ್ಕ ಹಾಕಿ, ನಕ್ಕುಬಿಟ್ಟ.
"ಮೊಮ್ಮಗ ಅಜ್ಜನಿಗೆ ನಾಮಕರಣ ಮಾಡಿದ ಹಾಗಾಯ್ತು."

ಅವರು ನಗಲಿಲ್ಲ. ಕೆಳಗಿನ ಕೊಂಬೆಗೆ
ಅರಣ್ಯ ಇಲಾಖೆಯ ಹಳದಿ ಚೀಟಿ ಇನ್ನೂ ಕಟ್ಟಿಯೇ ಇತ್ತು:
ಕೀಳಲು ಅನುಮತಿ, ಸಾಗಿಸಲು ಅನುಮತಿ, ಒಂದು ಸಂಖ್ಯೆ.
ಕನ್ನಡಕ ಏರಿಸಿ ಆ ಸಂಖ್ಯೆಯನ್ನು
ಒಂದೊಂದೇ ಅಂಕಿಯಾಗಿ ಓದಿದರು.

"ನಮ್ಮಪ್ಪನ ಕೋಟಿಗೂ ಕಟ್ಟಿದ್ದರು,
ಮೇಲಿನಿಂದ ಎರಡನೇ ಗುಂಡಿಗೆ. ಮನೆಗೆಲ್ಲ ಒಂದೇ ನಂಬರು.
ಅಮ್ಮನಿಗೆ, ಅಣ್ಣನಿಗೆ, ಹಾಸಿಗೆ ಸುರುಳಿಗೆ.
ನಾನು ಹೊಟ್ಟೆಯಲ್ಲಿದ್ದೆ, ನನಗೆ ಚೀಟಿ ಇರಲಿಲ್ಲ."

ಬೇಲಿಯೊಳಗೆ ಬೆಳೆಯುತ್ತಿದ್ದದ್ದು ಸೇಜ್ ಪೊದೆಯೊಂದೇ.
ಅಪ್ಪ ಅದರದೊಂದು ಗಿಡ ಅಗೆದು
ಹಾಲಿನ ಪುಡಿಯ ಡಬ್ಬಿಯಲ್ಲಿ ನೆಟ್ಟರಂತೆ.
ತಂತಿ ಸುತ್ತಲಿಲ್ಲ. "ತಂತಿ ಅಲ್ಲಿ ಬೇಕಾದಷ್ಟಿತ್ತಲ್ಲ."
ಹರಿದ ಅಂಗಿಯ ದಾರಕ್ಕೆ ಕಲ್ಲು ಕಟ್ಟಿ ತೂಗಿಬಿಟ್ಟರು;
ಕೊಂಬೆ ತನ್ನ ಸಮಯಕ್ಕೆ ತಾನು ಬಗ್ಗಿತು.

"ಅದು ಯಾವ ಶೈಲಿ?" ಡೆಲ್ಮರ್ ಕೇಳಿದ, ತಮಾಷೆಗಲ್ಲ.
"ಅಪ್ಪ ಹೆಸರಿಡಲಿಲ್ಲ. ತಾವು ಕುಡಿದು
ಲೋಟದಲ್ಲಿ ಉಳಿದದ್ದನ್ನು ಅದಕ್ಕೆ ಹಾಕ್ತಿದ್ದರು."

ಕಾಫಿ ತಣ್ಣಗಾಯಿತು. ಬಾಗಿಲು ಮತ್ತೆ ಬಡಿಯಿತು.
ಆಮೇಲೆ ಡೆಲ್ಮರ್ ಒಂದು ವಿಷಯ ಒಪ್ಪಿಕೊಂಡ:
ಗ್ಯಾರೇಜಿನ ಹಿಂದೆ ಗಾಳಿಯಿಲ್ಲ, ಎರಡು ವರ್ಷದಿಂದ
ಹೊಸ ಚಿಗುರೆಲ್ಲ ನೆಟ್ಟಗೆ, ಒಳ್ಳೆಯ ಹುಡುಗರ ಹಾಗೆ ಏಳುತ್ತಿವೆ.
ಬಗ್ಗಿಸಿ ಕಟ್ಟೋಣವೆಂದು ತಾಮ್ರದ ತಂತಿ ಕೊಂಡಿದ್ದಾನೆ.
"ಪಡುವಣ ಬೇಲಿಯ ಹತ್ತಿರ ಇಡು,"
ತೆರುಕೊ ಅಂದರು, "ಅದನ್ನು ಕಲಿಸಿದವನು ಅಲ್ಲಿದ್ದಾನೆ."

ಗೆರೆಯ ಕೆಳಗೆ ನಾನು ಬರೆದೆ:
ಚರ್ಚೆ ಮುಂದಿನ ಸಭೆಗೆ ಮುಂದೂಡಿದೆ. ಟ್ರ್ಯಾಕ್ಟರ್ ಸೀಟು ಮೆಚ್ಚುಗೆಯಾಯಿತು.

ಕುರ್ಚಿ ಮಡಚುವ ಹೊತ್ತಿಗೆ ಡೆಲ್ಮರ್ ಇಕ್ಕಳ ತೆಗೆದು
ಹಳದಿ ಚೀಟಿಯ ಹತ್ತಿರ ಒಯ್ದು, ಹಾಗೇ ನಿಂತು
ಅವರತ್ತ ನೋಡಿದ. ಅವರು ಆಗಲೇ
ಕೋಟು ತೊಟ್ಟು ಹೊರಡುತ್ತಿದ್ದರು,
ಎರಡನೇ ಗುಂಡಿ ಹಾಕುವುದು ಮಾತ್ರ ಯಾಕೋ ತಡವಾಗುತ್ತಿತ್ತು.